ಗ್ರೀಸ್ ನಾತ ಹೊಡೆದರೆ ಒಳ್ಳೆಯದೋ, ಕೆಟ್ಟದ್ದೋ?

ನಮಸ್ಕಾರ. ಇಂದು ವೀಕ್ಷಕರೊಬ್ಬರ ಪ್ರಶ್ನೆ: “ಒಂದು ಗ್ರೀಸ್‌ಗೆ ವಾಸನೆಯೇ ಇಲ್ಲ. ಇನ್ನೊಂದರ ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆಯ ನಾತ. ನಾರುವುದೇ ಗಟ್ಟಿ ಮಾಲು ಎನ್ನುತ್ತಾರೆ ನಮ್ಮ ಮೆಕ್ಯಾನಿಕ್. ನಿಜವೇ?”

ಮೂಲಪಾಠವನ್ನು ಓಡಿಸಿಬಿಡುತ್ತೇನೆ. ಗ್ರೀಸ್ ಬಹುಪಾಲು ಎಣ್ಣೆ. ಅದು ಹರಿದುಹೋಗದಂತೆ ಹಿಡಿದಿಡಲು ಒಂದಿಷ್ಟು ಸಾಬೂನು. ಹೌದು, ಸಾಬೂನೇ, ಆದರೆ ಮೈಗೆ ಹಚ್ಚುವಂಥದ್ದಲ್ಲ, ಸಾಮಾನ್ಯವಾಗಿ ಲಿಥಿಯಂ ಸಾಬೂನು. ಮೇಲೊಂದು ಚಿಟಿಕೆ ರಾಸಾಯನಿಕ. ಚೆನ್ನಾಗಿ ಶುದ್ಧೀಕರಿಸಿದ ಖನಿಜ ತೈಲಕ್ಕೆ ವಾಸನೆ ಅಷ್ಟಕ್ಕಷ್ಟೆ. ಮೂಗಿಗೆ ಬಡಿಯುವ ನಾತ ಬರುವುದು ಹೆಚ್ಚಾಗಿ ಆ ಚಿಟಿಕೆಯಲ್ಲಿರುವ ಗಂಧಕದಿಂದ.

ಗಂಧಕ ಯಾಕೆ ಬೇಕು? ಭಾರ ವಿಪರೀತವಾದಾಗ ಎರಡು ಲೋಹಗಳ ನಡುವಿನ ಎಣ್ಣೆ ಪಕ್ಕಕ್ಕೆ ಸರಿದುಬಿಡುತ್ತದೆ. ಲೋಹಕ್ಕೆ ಲೋಹ ಉಜ್ಜಿ ಕಾದು ಬೆಸೆದುಕೊಳ್ಳುವ ಹೊತ್ತಿಗೆ ಗಂಧಕ ಕಬ್ಬಿಣದೊಂದಿಗೆ ಸೇರಿ ತೆಳುವಾದ ಪದರ ಕಟ್ಟುತ್ತದೆ. ಸವೆಯುವುದು ಆ ಪದರ, ಉಳಿಯುವುದು ಗೇರ್.

ಹಾಗಾದರೆ ಮೆಕ್ಯಾನಿಕ್ ಗೆದ್ದರೇ? ಅರ್ಧ ಮಾತ್ರ. ಗಂಧಕದ ಕೆಲವು ಸಂಯುಕ್ತಗಳನ್ನು ನಮ್ಮ ಮೂಗು ನೂರು ಕೋಟಿಯಲ್ಲಿ ಒಂದು ಪಾಲಿದ್ದರೂ ಹಿಡಿಯುತ್ತದೆ. ಅಡುಗೆ ಅನಿಲ ಸೋರಿದರೆ ತಿಳಿಯಲೆಂದು ಬೆರೆಸುವ ಈಥೈಲ್ ಮರ್ಕ್ಯಾಪ್ಟನ್ ಇದೇ ಬಳಗದ್ದು. ಹಾಗಾಗಿ ನಾತ ಜೋರಾಗಿದೆ ಎಂದರೆ ಹಾರಿಬರುವ ಹಗುರ ಅಣುಗಳು ಒಂದಿಷ್ಟು ಇವೆ ಎಂದಷ್ಟೇ ಅರ್ಥ. ಕಾರಿನ ಆಕ್ಸಲ್ ಕೀಲುಗಳಿಗೆ ತುಂಬುವ ಕಪ್ಪು ಗ್ರೀಸ್ ನೋಡಿ. ಅದರಲ್ಲಿರುವ ಮಾಲಿಬ್ಡಿನಂ ಡೈಸಲ್ಫೈಡ್‌ನ ಪ್ರತಿ ಮಾಲಿಬ್ಡಿನಂ ಪರಮಾಣುವಿಗೂ ಎರಡು ಗಂಧಕದ ಪರಮಾಣುಗಳು. ವಾಸನೆ? ಸೊನ್ನೆ.

ಈಗ ನನಗೆ ಪ್ರಿಯವಾದ ಭಾಗ: ಹರಳೆಣ್ಣೆ. ಮೊದಲ ಮಹಾಯುದ್ಧದ ಎಷ್ಟೋ ವಿಮಾನಗಳಲ್ಲಿ ರೋಟರಿ ಎಂಜಿನ್ ಇತ್ತು. ಪ್ರೊಪೆಲರ್ ಜೊತೆ ಇಡೀ ಎಂಜಿನ್ನೇ ಗಿರಗಿರನೆ ತಿರುಗುತ್ತಿತ್ತು! ಪೆಟ್ರೋಲ್ ಆವಿ ಕ್ರ್ಯಾಂಕ್‌ಕೇಸ್ (ಎಂಜಿನ್ನಿನ ನಡುದಂಡ ಕೂರುವ ಗೂಡು) ಮೂಲಕವೇ ಹಾಯುತ್ತಿದ್ದುದರಿಂದ ಖನಿಜ ತೈಲ ಅದರಲ್ಲಿ ಕರಗಿ ನೀರಾಗುತ್ತಿತ್ತು. ಪೆಟ್ರೋಲಿಗೆ ಸುಲಭವಾಗಿ ಬಗ್ಗದ ಹರಳೆಣ್ಣೆ ಕೈಹಿಡಿಯಿತು. ಆದರೆ ಒಮ್ಮೆ ಒಳಹೋದ ಎಣ್ಣೆ ಮರಳಿ ಟ್ಯಾಂಕಿಗೆ ಬರುತ್ತಿರಲಿಲ್ಲ. ಹೊಗೆಯ ಜೊತೆ ಹೊರಬಿದ್ದು ಹಿಂದೆ ಕುಳಿತ ಪೈಲಟ್‌ನ ಕನ್ನಡಕ, ಮೂಗು, ಬಾಯಿಗೆ ರಾಚುತ್ತಿತ್ತು. ಹರಳೆಣ್ಣೆ ಕುಡಿದು ಬಲ್ಲವರಿಗೆ ಮುಂದಿನ ಕಥೆ ಹೇಳಬೇಕಿಲ್ಲ. ಶತ್ರುವಿನ ಗುಂಡು ಒಂದು ಕಡೆ, ಹೊಟ್ಟೆಯೊಳಗಿನ ಯುದ್ಧ ಇನ್ನೊಂದು ಕಡೆ! ಹಳೆಯ ರೇಸ್ ಕಾರುಗಳಲ್ಲಿ ಸುಟ್ಟ ಹರಳೆಣ್ಣೆಯ ಸಿಹಿ ಕಂಪನ್ನು ಮೂಸಿ ಮೈಮರೆಯುವವರು ಇಂದಿಗೂ ಇದ್ದಾರೆ. ಎಂಜಿನ್ ಆಯಿಲ್‌ನ ಬ್ರ್ಯಾಂಡ್ ಕ್ಯಾಸ್ಟ್ರಾಲ್‌ನ ಹೆಸರು ಹುಟ್ಟಿದ್ದೂ ಈ ಎಣ್ಣೆಯಿಂದಲೇ, ಇಂಗ್ಲಿಷ್‌ನಲ್ಲಿ ಹರಳೆಣ್ಣೆ ಎಂದರೆ ಕ್ಯಾಸ್ಟರ್ ಆಯಿಲ್.

ನಮ್ಮ ಎತ್ತಿನಗಾಡಿಗಳ ಕೀಲೆಣ್ಣೆಗೂ ಹರಳೆಣ್ಣೆ ಬಳಕೆಯಲ್ಲಿತ್ತು. ಅದು ಮೂಲೆ ಸೇರಿತು ಎಂದುಕೊಳ್ಳಬೇಡಿ. ಹರಳೆಣ್ಣೆಗೆ ಹೈಡ್ರೋಜನ್ ಸೇರಿಸಿದರೆ ಮೇಣದಂತೆ ಗಟ್ಟಿಯಾಗುತ್ತದೆ. ಲಿಥಿಯಂ ಗ್ರೀಸ್‌ನ ಸಾಬೂನು ತಯಾರಾಗುವುದು ಹೆಚ್ಚಾಗಿ ಅದರಿಂದಲೇ. ಜಗತ್ತಿನಲ್ಲಿ ಅತಿ ಹೆಚ್ಚು ಹರಳು ಬೆಳೆಯುವ ದೇಶ ನಮ್ಮದು, ಅದರಲ್ಲಿ ಗುಜರಾತ್ ಮುಂದು. ನಿಮ್ಮ ಬೈಕಿನ ಚಕ್ರದ ಬೇರಿಂಗ್‌ನಲ್ಲಿ ಹರಳಿನ ಪಾಲು ಇರುವ ಸಾಧ್ಯತೆ ಹೆಚ್ಚು, ವಾಸನೆ ಮಾತ್ರ ಇಲ್ಲ.

ಹರಳೆಣ್ಣೆ ಸಮಯವನ್ನೆಲ್ಲ ನುಂಗಿತು. ಉಳಿದದ್ದನ್ನು ಒಂದೇ ಉಸಿರಿಗೆ ಹೇಳುತ್ತೇನೆ. ಡಬ್ಬಿಯಲ್ಲಿದ್ದಾಗ ಇರದ ಸೀದ ಅಥವಾ ಕಮಟು ವಾಸನೆ ಬಳಕೆಯಲ್ಲಿ ಬಂದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ: ಎಣ್ಣೆ ಗಾಳಿ, ಬಿಸಿಗೆ ಸಿಕ್ಕಿ ಆಮ್ಲವಾಗುತ್ತಿದೆ. ಗಂಧಕ ಹಿತ್ತಾಳೆ, ತಾಮ್ರವನ್ನು ತಿನ್ನುತ್ತದೆಯೇ ಎಂಬುದನ್ನು ಪ್ರಯೋಗಾಲಯದವರು ಮೂಗಿನಿಂದ ನೋಡುವುದಿಲ್ಲ. ಉಜ್ಜಿ ಹೊಳಪಾಗಿಸಿದ ತಾಮ್ರದ ಪಟ್ಟಿಯನ್ನು ಬಿಸಿ ಗ್ರೀಸ್‌ನಲ್ಲಿ ಮುಳುಗಿಸಿಟ್ಟು ಬಣ್ಣ ಕೆಟ್ಟಿತೇ ಎಂದು ನೋಡುತ್ತಾರೆ. ಬಿಸ್ಕತ್ತು, ಹಾಲಿನ ಕಾರ್ಖಾನೆಗಳ ಯಂತ್ರಗಳಿಗೆ ಎಚ್1 ದರ್ಜೆಯ ಗ್ರೀಸ್ ಬೇರೆಯೇ ಇದೆ. ಅದು ಆಕಸ್ಮಿಕವಾಗಿ ಆಹಾರಕ್ಕೆ ತಾಗಿದರೂ ಹತ್ತು ಲಕ್ಷದಲ್ಲಿ 10 ಪಾಲನ್ನು ಮೀರಬಾರದು. ಕೊನೆಯದಾಗಿ, ಎರಡು ಡಬ್ಬಿಗಳ ವಾಸನೆ ಒಂದೇ ಎಂದು ಬೆರೆಸಬೇಡಿ. ಲಿಥಿಯಂ ಗ್ರೀಸ್‌ಗೆ ಪಾಲಿಯೂರಿಯಾ ಗ್ರೀಸ್ (ಸಾಬೂನಿನ ಬದಲು ಪಾಲಿಯೂರಿಯಾ ಎಂಬ ರಾಸಾಯನಿಕ ಎಣ್ಣೆಯನ್ನು ಹಿಡಿದಿಡುವಂಥದ್ದು) ಬಿದ್ದರೆ ಎಷ್ಟೋ ಸಲ ಎರಡೂ ಮೆತ್ತಗಾಗಿ ಬೇರಿಂಗ್‌ನಿಂದ ಸೋರಿಹೋಗುತ್ತವೆ.