ನಗದ ಡ್ರೈವರ್, ಕದ್ದ ಇಂಜಿನ್

ಎಲ್ರಿಗೂ ನಮಸ್ಕಾರ. ಇವತ್ತು ಯುದ್ಧದ ಸಿನಿಮಾ ಬಗ್ಗೆ ಮಾತಾಡ್ತೆ ಅಂದಾಗ ಮನೇಲಿ ನಗಾಡಿದ್ರು, ಯಾಕಂದ್ರೆ ಯುದ್ಧದ ಸಿನಿಮಾ ಹಾಕಿದ್ರೆ ನಂಗೆ ಹದಿನೈದು ನಿಮಿಷಕ್ಕೆ ನಿದ್ದೆ ಬರ್ತದೆ, ಬರೀ ಗುಂಡು, ಬಾವುಟ, ಸಾಯೋ ಮುಂಚೆ ಒಂದು ಉದ್ದ ಡೈಲಾಗು. ಇದು ಹಾಗಲ್ಲ. 1926ರ ಮೂಕಿ ಚಿತ್ರ, ಬಸ್ಟರ್ ಕೀಟನ್ ಮಾಡಿದ್ದು, ಹೆಸರು 'ದಿ ಜನರಲ್'. ಜನರಲ್ ಅಂದ್ರೆ ಇಲ್ಲಿ ಸೇನಾಧಿಪತಿ ಅಲ್ಲ ಮಾರಾಯ್ರೆ, ಒಂದು ರೈಲು ಇಂಜಿನ್ನಿನ ಹೆಸರು.

ನಾನಿದನ್ನ ಸರಿಯಾಗಿ ನೋಡಿದ್ದು ನಮ್ಮ ಆಯಿ ಜೊತೆ. ನಾವಿರೋದು ಕಾರವಾರದ ಕೋಡಿಬಾಗದಲ್ಲಿ, ಆಯಿ ಶಿರ್ಸಿ ಕಡೆ ಊರಿಂದ ಮಳೆಗಾಲ ಮುಗಿಯೋ ಹೊತ್ತಿಗೆ ಬಂದಿದ್ಲು. ಒಂದು ಸಂಜೆ ಕೇಬಲ್ ಹೋಯ್ತು, ಸೀರಿಯಲ್ ತಪ್ಪಿತು ಅಂತ ಅವಳ ಮುಖ ಸಣ್ಣ ಆಯ್ತು, ನನ್ನ ಹತ್ರ ಪೆನ್‌ಡ್ರೈವಲ್ಲಿ ಇದೊಂದಿತ್ತು, ಹಾಕಿದೆ. ಶೀಟಿನ ಮೇಲೆ ಬೀಳೋ ಮಳೆ ಸದ್ದಲ್ಲಿ ಏನೂ ಕೇಳ್ತಿರ್ಲಿಲ್ಲ, ಮೂಕಿ ಚಿತ್ರ ಆದ್ದರಿಂದ ಕೇಳೋದು ಬೇಕಾಗೂ ಇರ್ಲಿಲ್ಲ. ಇಂಗ್ಲಿಷಲ್ಲಿ ನಾಲ್ಕು ಅಕ್ಷರ ಬಂದಾಗ ನಾನು ಹೇಳೋದು, ಅಷ್ಟೇ.

ಕತೆ ಸಣ್ಣದು. ಅಮೆರಿಕದ ಅಂತರ್ಯುದ್ಧದ ಕಾಲ, ಉತ್ತರದ ರಾಜ್ಯಗಳಿಗೂ ದಕ್ಷಿಣದ ರಾಜ್ಯಗಳಿಗೂ ಯುದ್ಧ. ಜಾನಿ ಗ್ರೇ ಅಂತ ಇಂಜಿನ್ ಡ್ರೈವರ್, ಅವನಿಗೆ ಪ್ರೀತಿ ಎರಡೇ, ಒಂದು ಇಂಜಿನ್ನು ಇನ್ನೊಂದು ಅನಾಬೆಲ್ ಅನ್ನೋ ಹುಡುಗಿ. ಯುದ್ಧ ಶುರುವಾದಾಗ ಸೈನ್ಯಕ್ಕೆ ಸೇರೋಕೆ ಎಲ್ಲರಿಗಿಂತ ಮೊದ್ಲು ಓಡ್ತಾನೆ, ಅವರು ತಗೊಳ್ಳೋದಿಲ್ಲ, ಡ್ರೈವರ್ ಆಗಿದ್ರೇ ನಿನ್ನಿಂದ ಉಪಯೋಗ ಜಾಸ್ತಿ ಅನ್ನೋ ಲೆಕ್ಕ, ಆದ್ರೆ ಆ ಕಾರಣ ಅವನಿಗೆ ಯಾರೂ ಹೇಳೋದೇ ಇಲ್ಲ. ಆಫೀಸಲ್ಲಿ ಅರ್ಜಿ ಯಾಕೆ ವಾಪಸ್ ಬಂತು ಅಂತ ಗೊತ್ತಾಗದೆ ನಿಂತವರಿಗೆ ಆ ಮುಖ ಗುರ್ತು ಸಿಗ್ತದೆ. ಹುಡುಗಿ ಇವನು ಹೇಡಿ ಅಂತ ತಿಳ್ಕೊಂಡು, ಯೂನಿಫಾರಂ ಹಾಕೋವರೆಗೆ ನನ್ನ ಹತ್ರ ಮಾತಾಡಬೇಡ ಅಂತಾಳೆ. ಅವನು ಹೋಗಿ ಇಂಜಿನ್ ಚಕ್ರಕ್ಕೆ ಸೇರಿದ ಉದ್ದ ಕಬ್ಬಿಣದ ತೋಳಿನ ಮೇಲೆ ಕೂರ್ತಾನೆ, ತಲೆ ತಗ್ಗಿಸಿ. ಇಂಜಿನ್ ಹೊರಡ್ತದೆ. ತೋಳು ಇವನನ್ನ ಮೇಲೆತ್ತಿ ಕೆಳಗಿಳಿಸಿ ಮೇಲೆತ್ತಿ ಒಯ್ತದೆ, ಅವನಿಗೆ ದುಃಖದಲ್ಲಿ ಗೊತ್ತೇ ಆಗೋದಿಲ್ಲ. ಇದು ನಿಜವಾದ ಇಂಜಿನ್ನು, ಉಗಿ ಸ್ವಲ್ಪ ಜಾಸ್ತಿ ಬಿಟ್ಟು ಚಕ್ರ ಜಾರಿ ತಿರುಗಿದ್ರೆ ಕೀಟನ್ ಅಲ್ಲೇ ಮುಗೀತಿದ್ದ.

ಆಯಿ ಕೇಳಿದ್ಲು, "ತಮಾ, ಇಂವ ಎಂತಕ್ಕೆ ನಗ್ತ್ನಿಲ್ಲೆ?"

ಅದೇ ನೋಡಿ ವಿಷಯ. ಇಡೀ ಸಿನಿಮಾದಲ್ಲಿ ಕೀಟನ್ ನಗೋದಿಲ್ಲ. ಚಿಕ್ಕಂದಿನಲ್ಲೇ ಅಪ್ಪ ಅಮ್ಮನ ಜೊತೆ ಸ್ಟೇಜ್ ಮೇಲೆ ಬೆಳೆದವನು, ಅಪ್ಪ ಇವನನ್ನ ಎತ್ತಿ ಎಸೆಯೋದೇ ಅವರ ಆಟ, ತಾನು ನಕ್ಕರೆ ಜನ ನಗೋದಿಲ್ಲ ಅಂತ ಅಲ್ಲೇ ಕಲ್ತ. ಇದು ನಮ್ಮ ಜಿಲ್ಲೆಯವರಿಗೆ ಹೊಸತೇನಲ್ಲ. ಕರ್ಕಿ ಕಡೆ ಒಂದು ಮನೆತನಕ್ಕೆ ಹಾಸ್ಯಗಾರ ಅಂತಲೇ ಅಡ್ಡಹೆಸರು, ಅಂಥ ಊರು ನಮ್ಮದು. ಯಕ್ಷಗಾನದ ಆಟದಲ್ಲಿ ಯುದ್ಧದ ಚಂಡೆ ಬಿದ್ದು ರಂಗಸ್ಥಳ ಅದುರ್ತಾ ಇರುವಾಗ ದೂತ ಬರ್ತಾನಲ್ಲ, ನಡುಗಿಕೊಂಡು ಸುದ್ದಿ ಒಪ್ಪಿಸ್ತಾನೆ, ಅವನಿಗೆ ನಿಜವಾಗಲೂ ಹೆದರಿಕೆ ಇರಬೇಕು, ಹೆದರಿದಂಗೆ ಮಾಡಿದ್ರೆ ಚಪ್ಪೆ. ನಮ್ಮ ದೊಡ್ಡಪ್ಪ ಆಟ ನೋಡಿ ಬಂದು ಬೆಳಿಗ್ಗೆ ಅಡಿಕೆ ಸುಲೀತಾ, ನಿನ್ನೆ ಹಾಸ್ಯದವ ತಾನೇ ನಕ್ಕುಬಿಟ್ಟ, ರಾತ್ರಿ ನಿದ್ದೆ ದಂಡ ಆಯ್ತು ಅಂತ ಗೊಣಗ್ತಿದ್ದ. ಕೀಟನ್ ಸಿಕ್ಕಿದ್ರೆ ದೊಡ್ಡಪ್ಪ ಎಲೆ ಸಂಚಿ ಮುಂದೆ ಇಟ್ಟು ಕೂರಿಸ್ತಿದ್ದ.

ಇನ್ನು ಶತ್ರು ಪಕ್ಷದ ಗೂಢಚಾರರು ಇಂಜಿನ್ ಕದ್ದು ಓಡ್ತಾರೆ, ಇವನು ಒಬ್ಬನೇ ಬೆನ್ನು ಹತ್ತಾನೆ. ನಂಗೆ ತುಂಬಾ ಇಷ್ಟ ಆಗೋ ಸೀನು ಇಲ್ಲಿದೆ. ಸೌದೆ ಮುಗೀತಾ ಬಂತು, ಓಡೋ ರೈಲಿನ ಮೇಲೆ ಜಾನಿ ಕೊಡಲಿ ಹಿಡ್ಕೊಂಡು ಸೌದೆ ಒಡೀತಾ ಇದ್ದಾನೆ. ಅವನ ಹಿಂದೆ ಬಯಲಲ್ಲಿ ಇವನ ಕಡೆಯ ಸೈನ್ಯ ಸೋತು ಹಿಂದೆ ಸರೀತಾ ಇದೆ, ಕುದುರೆ, ಗಾಡಿ, ಕಾಲಾಳು ಎಲ್ಲ. ಇವನು ಸೌದೆ ಒಡೀತಾನೆ. ಅವರು ಮುಗಿದ ಮೇಲೆ ಶತ್ರು ಸೈನ್ಯ ಮುಂದೆ ನುಗ್ಗಿ ಬರ್ತದೆ, ನೂರಾರು ಜನ. ಇವನು ಸೌದೆ ಒಡೀತಾನೆ, ಮಧ್ಯೆ ಕೊಡಲಿ ಕಾವು ಮುರೀತು ಅಂತ ಅದರದ್ದೇ ತಲೆಬಿಸಿ. ತಲೆ ಎತ್ತೋ ಹೊತ್ತಿಗೆ ಶತ್ರು ನಾಡಿನೊಳಗೆ ಬಂದಾಗಿದೆ. ಚರಿತ್ರೆ ಪುಸ್ತಕದಲ್ಲಿ ಅಧ್ಯಾಯ ಆಗೋ ಸಂಗತಿ ಬೆನ್ನ ಹಿಂದೆ ನಡೀತಾ ಇದೆ, ಮುಂದೆ ಒಬ್ಬ ಕೆಲಸದವ, ಅವನಿಗೆ ಒಲೆ ಆರಬಾರದು ಅಷ್ಟೇ. ಯುದ್ಧದ ಬಗ್ಗೆ ಇಷ್ಟು ಸತ್ಯವಾದ ಚಿತ್ರ ನಾನು ಸೀರಿಯಸ್ ಸಿನಿಮಾಗಳಲ್ಲಿ ಕಂಡಿಲ್ಲ. ಆಯಿ ಅಂದಿದ್ದು ಇಷ್ಟೇ, "ಪಾಪ, ಅವಂಗೆ ಇಂಜಿನ್ ಬಿಟ್ರೆ ಎಂತದೂ ಬ್ಯಾಡ."

ಫಿರಂಗಿ ಸೀನೂ ಹೇಳ್ಬೇಕು. ಶತ್ರು ರೈಲಿಗೆ ಗುರಿ ಇಟ್ಟು ಬತ್ತಿಗೆ ಬೆಂಕಿ ಕೊಟ್ಟಿದ್ದಾನೆ, ರೈಲಿನ ಕುಲುಕಾಟಕ್ಕೆ ಫಿರಂಗಿ ಬಾಯಿ ನಿಧಾನಕ್ಕೆ ಕೆಳಗಿಳಿದು ಇವನ ಕಡೆಗೇ ತಿರುಗಿದೆ. ಓಡ್ಬೇಕು, ಕಾಲು ಸಿಕ್ಕಿಹಾಕ್ಕೊಂಡಿದೆ. ಸಿಟ್ಟು ಬಂದು ಒಂದು ಕಟ್ಟಿಗೆ ತುಂಡು ತಗೊಂಡು ಫಿರಂಗಿಗೆ ಹೊಡೀತಾನೆ, ನಾಯಿ ಓಡಿಸೋ ಹಾಗೆ. ಅಷ್ಟರಲ್ಲಿ ಹಳಿ ತಿರುವಿಗೆ ಬಂದು ಗುಂಡು ಇವನನ್ನ ಬಿಟ್ಟು ಶತ್ರು ರೈಲಿನ ಹತ್ರ ಬೀಳ್ತದೆ. ವೈರಿಗಳಿಗೆ ಇವನ ಗುರಿ ಕಂಡು ಜೀವ ಬಾಯಿಗೆ ಬರ್ತದೆ.

ಇದರ ಹಿಂದೆ ನಡೆದ ಘಟನೆ ಒಂದಿದೆ, ಅದ್ರಲ್ಲಿ ನಗೋದಕ್ಕೇನೂ ಇಲ್ಲ. 1862ರ ಏಪ್ರಿಲ್ 12ಕ್ಕೆ ಜಾರ್ಜಿಯಾದಲ್ಲಿ ಪ್ರಯಾಣಿಕರು, ಸಿಬ್ಬಂದಿ ತಿಂಡಿಗೆ ಇಳಿದಾಗ ಉತ್ತರದ ಕಡೆಯವರು ಜನರಲ್ ಇಂಜಿನ್ನನ್ನ ನಿಜವಾಗಿ ಕದ್ದಿದ್ರು, ಸುಮಾರು 140 ಕಿಲೋಮೀಟರ್ ಓಟ, ಕೊನೆಗೆ ಸಿಕ್ಕಿಬಿದ್ದವರಲ್ಲಿ 8 ಜನಕ್ಕೆ ಗಲ್ಲು. ಕೀಟನ್ ಕತೆಯನ್ನ ದಕ್ಷಿಣದವರ ಕಡೆಯಿಂದ ಹೇಳಿದ. ಇದು ನಂಗೆ ಇವತ್ತಿಗೂ ಗಂಟಲಲ್ಲಿ ಮುಳ್ಳು, ಯಾಕಂದ್ರೆ ದಕ್ಷಿಣದವರು ಹೋರಾಡಿದ್ದು ಗುಲಾಮಗಿರಿ ಉಳಿಸ್ಕೊಳ್ಳೋಕೆ, ಸಿನಿಮಾ ಆ ಕಡೆ ತಿರುಗಿಯೂ ನೋಡೋದಿಲ್ಲ. ನಗ್ತಾ ಇದನ್ನ ಮರೀಬಾರ್ದು ಅಂತ ನಂಗೆ ನಾನೇ ಹೇಳ್ಕೊಳ್ತೆ, ಆದ್ರೆ ಸೌದೆ ಸೀನ್ ಬಂದಾಗ ಮರ್ತೂ ಹೋಗ್ತದೆ.

ಕೀಟನ್ ಸ್ವತಃ 1918ರಲ್ಲಿ ಸೈನಿಕನಾಗಿ ಫ್ರಾನ್ಸಿಗೆ ಹೋಗಿದ್ದವನು, ಅಲ್ಲಿಂದ ಕಿವಿ ಹಾಳು ಮಾಡ್ಕೊಂಡು ಬಂದ. ಶೂಟಿಂಗ್ ಮಾಡಿದ್ದು ಆರೆಗಾನ್‌ನಲ್ಲಿ, ದಿಮ್ಮಿ ಸಾಗಿಸೋ ಹಳೇ ಹಳಿಗಳ ಮೇಲೆ. ಅಲ್ಲಿಯ ನ್ಯಾಷನಲ್ ಗಾರ್ಡ್‌ನ ಸುಮಾರು 500 ಹುಡುಗರಿಗೆ ನೀಲಿ ಡ್ರೆಸ್ ಹಾಕಿ ಆ ಕಡೆಯಿಂದ ಓಡಿಸೋದು, ಆಮೇಲೆ ಅವರಿಗೇ ಬೂದು ಡ್ರೆಸ್ ಹಾಕಿ ಈ ಕಡೆಯಿಂದ ಓಡಿಸೋದು. ನಮ್ಮಲ್ಲೂ ಅದೇ ಅಲ್ವಾ, ಬಡವರ ಮೇಳದಲ್ಲಿ ಒಬ್ಬನೇ ವೇಷ ಬದ್ಲಿಸಿ ಎರಡೂ ಪಕ್ಷಕ್ಕೆ ಸಾಯ್ತಾನೆ. ಆಗಿನ ಜನಕ್ಕೆ ಸಿನಿಮಾ ಹಿಡಿಸ್ಲಿಲ್ಲ, ದುಡ್ಡು ಮುಳುಗಿತು, ಎರಡು ವರ್ಷದಲ್ಲಿ ಕೀಟನ್ ಸ್ವಂತ ಕಂಪನಿ ಬಿಟ್ಟು ದೊಡ್ಡ ಸ್ಟುಡಿಯೋದ ನೌಕರ ಆದ. 1989ರಲ್ಲಿ ಅಮೆರಿಕ ಉಳಿಸ್ಕೊಳ್ಳಬೇಕಾದ ಸಿನಿಮಾ ಅಂತ ಮೊದಲ ಪಟ್ಟಿ ಮಾಡಿದಾಗ ಇದೂ ಅದ್ರಲ್ಲಿತ್ತು, ಆ ಹೊತ್ತಿಗೆ ಅವನು ಸತ್ತು 23 ವರ್ಷ.

ಕೊನೆಗೆ ಸೇತುವೆ. ಜಾನಿ ಇಂಜಿನ್ ವಾಪಸ್ ಕದ್ದು ತಪ್ಪಿಸ್ಕೊಂಡು ಬರ್ತಾ ಮರದ ಸೇತುವೆಗೆ ಬೆಂಕಿ ಹಚ್ತಾನೆ. ಹಿಂದೆ ಬಂದ ಶತ್ರು ದಳಪತಿ ನೋಡಿ, ಇನ್ನೂ ಸುಟ್ಟಿಲ್ಲ, ದಾಟಿ ಹೋಗು ಅಂತ ಹುಕುಂ ಕೊಡ್ತಾನೆ. ಇಂಜಿನ್ ಮಧ್ಯಕ್ಕೆ ಬಂತು, ಸೇತುವೆ ನಡು ಮುರಿದು ಇಂಜಿನ್ ಸಮೇತ ಹೊಳೆಗೆ. ಮಾಡೆಲ್ ಅಲ್ಲ, ನಿಜವಾದ ಇಂಜಿನ್ನು, ಆ ಒಂದು ಶಾಟಿಗೆ ಆ ಕಾಲದಲ್ಲೇ 42,000 ಡಾಲರ್ ಅಂತಾರೆ. ಬಿದ್ದ ಇಂಜಿನ್ ಎರಡನೇ ಮಹಾಯುದ್ಧದವರೆಗೆ ಹೊಳೇಲೇ ಇತ್ತು, ಆಮೇಲೆ ಗುಜರಿ ಕಬ್ಬಿಣಕ್ಕೆ ಎತ್ತಿದ್ರು. ಆಮೇಲೆ ಕ್ಯಾಮರಾ ದಳಪತಿ ಮುಖ ತೋರಿಸ್ತದೆ. ಹುಕುಂ ಕೊಟ್ಟವನ ಮುಖ. ಅಷ್ಟೇ, ಒಂದು ಕ್ಷಣ. ಸಿನಿಮಾದ ಅತೀ ದೊಡ್ಡ ನಗೆ ಅದು.

ನಾವಿಬ್ರೂ ನಗ್ಲಿಲ್ಲ. ಆಯಿ ಸೆರಗು ಬಾಯಿಗೆ ಒತ್ಕೊಂಡಿದ್ಲು. ನಿಮಗೆ ನೆನಪಿರ್ಬೇಕು, 2024ರ ಆಗಸ್ಟ್ 7ರ ನಡುರಾತ್ರಿ ಇಲ್ಲೇ ನಮ್ಮ ಕಾಳಿ ನದಿ ಹಳೇ ಸೇತುವೆ ಲಾರಿ ಸಮೇತ ಕುಸಿದು ಬಿತ್ತಲ್ಲ, ನಾವು ಈ ಸಿನಿಮಾ ನೋಡಿದ್ದು ಅದಾಗಿ ಒಂದು ತಿಂಗಳಿಗೆ. ಆ ಲಾರಿ ಡ್ರೈವರ್ ಮುಳುಗಿದ ಲಾರಿ ಮೇಲೆ ಹತ್ತಿ ನಿಂತಿದ್ದ, ಪೊಲೀಸರು ಮೀನುಗಾರರು ಸೇರಿ ಜೀವಂತ ಹೊರಗೆ ತಂದ್ರು. ಅದನ್ನ ಆಯಿಗೆ ಫೋನಲ್ಲಿ ಆಗಲೇ ಹೇಳಿದ್ದೆ.

ಸ್ವಲ್ಪ ಹೊತ್ತು ಬಿಟ್ಟು ಆಯಿ ಕೇಳಿದ್ಲು, ಆ ಇಂಜಿನ್ ಡ್ರೈವರ್ ಗತಿ ಎಂತ ಆತು ಅಂತ. ಗೊಂಬೆ ಆಯಿ, ಒಳಗೆ ಗೊಂಬೆ ಕೂರ್ಸಿದ್ರು ಅಂದೆ.

"ಹಂಗಾರೆ ನಗಲಡ್ಡಿಲ್ಲೆ" ಅಂದ್ಲು, "ಆ ದಳಪತಿ ಮುಖ ಇನ್ನೊಂದ್ಸಲ ತೋರ್ಸು."