ಕೈ ಎದ್ದದ್ದು ಎಷ್ಟನೇ ಎಣಿಕೆಗೆ?

ಕೇಳುಗರಿಗೆ ನಮಸ್ಕಾರ. ಕೆಲಸ ಮುಗಿಸಿ, ಬೆಂಗಳೂರಿನ ಟ್ರಾಫಿಕ್ ದಾಟಿ ಸಾಲ್ಸಾ ಅನ್ನುವ ಜೋಡಿ ನೃತ್ಯದ ಕ್ಲಾಸಿಗೆ ಓಡುವವರಿಗಾಗಿ ಇವತ್ತಿನ ಮಾತು. ಹೇಳುವುದು ಒಂದೇ: ಪಾರ್ಟ್ನರ್‌ ತಪ್ಪು ಎಣಿಸಬೇಡಿ, ನಿಮ್ಮ ಮೈಗೆ ಏನು ತಿಳಿಯಿತೋ ಅಷ್ಟು ಹೇಳಿ.

ಬಲಗಡೆ ಟರ್ನನ್ನೇ ನೋಡಿ, ಎಂಟರ ಎಣಿಕೆಯಲ್ಲಿ ನಡೆಯುತ್ತದೆ. ಒಂದು, ಎರಡು, ಮೂರಕ್ಕೆ ಹೆಜ್ಜೆ, ನಾಲ್ಕಕ್ಕೆ ಬಿಡುವು. ಐದು, ಆರು, ಏಳಕ್ಕೆ ಹೆಜ್ಜೆ, ಎಂಟಕ್ಕೆ ಬಿಡುವು. ಲೀಡ್ ಮಾಡುವವರ, ಅಂದರೆ ತಿರುಗಲು ಸನ್ನೆ ಕೊಟ್ಟು ಮುನ್ನಡೆಸುವವರ, ಎಡಗೈ ಮೂರಕ್ಕೆ ಏಳಬೇಕು, ನಾಲ್ಕರ ಬಿಡುವಿನಲ್ಲಿ ಎದುರಿನವರ ತಲೆಯ ನೇರ ಮೇಲಿರಬೇಕು. ಫಾಲೋ ಮಾಡುವವರು, ಅಂದರೆ ಆ ಸನ್ನೆ ಹಿಡಿದು ಕುಣಿಯುವವರು, ಐದಕ್ಕೆ ಎಡಗಾಲು ಮುಂದಿಟ್ಟು ಬಲಕ್ಕೆ ತಿರುಗುತ್ತಾರೆ, ಆರಕ್ಕೆ ಬಲಗಾಲಿಗೆ ಭಾರ, ಏಳಕ್ಕೆ ಮತ್ತೆ ಮುಖಾಮುಖಿ.

ಕ್ಲಾಸಿನಲ್ಲಿ ನಡೆಯುವುದು ಬೇರೆ. ಲೀಡ್ ಮಾಡುವಾತನ ಕೈ ಏಳುವುದೇ ಐದಕ್ಕೆ. ಅಷ್ಟರಲ್ಲಿ ಫಾಲೋ ಮಾಡುವಾಕೆಯ ಎಡಗಾಲು ನೆಲ ಮುಟ್ಟಿಯಾಗಿದೆ. ಆರಕ್ಕೆ ಗಡಬಡಿಸಿ ತಿರುಗಲು ಹೊರಟು, ಏಳಕ್ಕೆ ಆಕೆ ಆತನಿಗೆ ಬೆನ್ನು ಹಾಕಿ ನಿಂತಿರುತ್ತಾಳೆ. ಕೂಡಲೇ ಈತ, "ನೀವು ಲೇಟಾಗಿ ತಿರುಗ್ತೀರ." ಪಾಪ, ಮುಂದಿನ ಸಲ ಆಕೆ ಸನ್ನೆಗೆ ಕಾಯುವುದೇ ಇಲ್ಲ, ಮೂರಕ್ಕೇ ತಿರುಗಿಬಿಡುತ್ತಾಳೆ. ಆಗ ಎರಡನೇ ಉಪದೇಶ: "ಅವಸರ ಮಾಡ್ಬೇಡಿ, ಕಾಯಿರಿ." ಒಂದೇ ಹಾಡಿನಲ್ಲಿ ಎರಡು ತದ್ವಿರುದ್ಧ ಪಾಠ! ಎರಡಕ್ಕೂ ಕಾರಣ ತಡವಾಗಿ ಎದ್ದ ಆ ಕೈ. ಸಾಲದ್ದಕ್ಕೆ ಹೆಬ್ಬೆರಳಿನಿಂದ ಅದುಮಿ ಹಿಡಿದಿರುತ್ತಾನೆ. ಹಾಗೆ ಹಿಡಿದರೆ ಬೆರಳು ಬೆರಳೊಳಗೆ ಹೊರಳುವುದಿಲ್ಲ, ಆಕೆಯ ಮಣಿಕಟ್ಟು ತಿರುಚುತ್ತದೆ.

ಈಗ ಆಕೆ, "ನಿಮ್ಮ ಕೈ ಮೇಲೆದ್ದದ್ದು ನನಗೆ ಐದಕ್ಕೆ ತಿಳೀತು" ಅಂದರೆ? ಅದು ಬೈಗುಳ ಅಲ್ಲ, ಸುದ್ದಿ. ಆತ ಮೂರಕ್ಕೆ ಕೈ ಎತ್ತಿ ನೋಡಬಹುದು. ಆತನೂ ಅಷ್ಟೇ, "ತಿರುಗುವಾಗ ನಿಮ್ಮ ತೋಳಿನ ಭಾರ ನನ್ನ ಕೈಮೇಲೆ ಬಿತ್ತು" ಅನ್ನಲಿ. ಮೈಗೆ ತಿಳಿದದ್ದು, ಅಷ್ಟೇ. ಅದೂ ಎದುರಿನವರು "ಹೇಗಾಯ್ತು?" ಅಂತ ಕೇಳಿದ ಮೇಲೆ.

ಸಮಯ ಮುಗೀತಾ ಬಂತು ಅಂತ ಗಾಜಿನಾಚೆಯಿಂದ ಸನ್ನೆ ಮಾಡ್ತಿದ್ದಾರೆ, ಉಳಿದದ್ದು ಬೇಗ ಹೇಳಿಬಿಡ್ತೀನಿ. ನಿಮಗೇ ಯಾರಾದರೂ ಹೀಗೆ ಹೇಳಿದರೆ ವಾದಕ್ಕಿಳಿಯಬೇಡಿ, "ಸರಿ, ಇನ್ನೊಂದು ಸಲ ಮಾಡೋಣ" ಅನ್ನಿ. ಕ್ಲಾಸಿನಲ್ಲಿ ಪಾರ್ಟ್ನರ್ ಬದಲಾಗುತ್ತಲೇ ಇರುತ್ತಾರೆ. ಮೂವರು ಅದೇ ಮಾತು ಹೇಳಿದರೆ ಟೀಚರ್ ಕೈ ಹಿಡಿದು ಒಮ್ಮೆ ಮಾಡಿ ನೋಡಿ. ಪಾರ್ಟಿಯಲ್ಲಂತೂ ಪಾಠ ಬೇಡವೇ ಬೇಡ. ಟ್ಯಾಂಗೋ ಅನ್ನುವ ಇನ್ನೊಂದು ಜೋಡಿ ನೃತ್ಯದ ಊರು, ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಮಿಲೋಂಗಾ ಅಂತ ನೃತ್ಯಕೂಟ ನಡೆಯುತ್ತದೆ. ಅಲ್ಲಿ ಕುಣಿಯುವ ಜಾಗದಲ್ಲೇ ಪಾಠ ಶುರು ಮಾಡಿದವರನ್ನು ಒರಟರ ಪಟ್ಟಿಗೆ ಸೇರಿಸುತ್ತಾರೆ. ಮೂರು-ನಾಲ್ಕು ಹಾಡಿನ ಸರಣಿಯ ನಡುವೆ "ಗ್ರಾಸಿಯಾಸ್", ಅಂದರೆ ಧನ್ಯವಾದ, ಅಂದುಬಿಟ್ಟರೆ, ನಿಮ್ಮ ಜೊತೆ ಕುಣಿದದ್ದು ಸಾಕು ಅಂತ ಅರ್ಥ.

ಭುಜವೋ ಮಣಿಕಟ್ಟೋ ನೋಯುತ್ತಿದ್ದರೆ ಮಾತ್ರ ಯಾರಾದರೂ ಕೇಳಲಿ ಅಂತ ಕಾಯಬೇಡಿ. ಹಾಡಿನ ನಡುವೆಯೇ "ಕೈ ನೋಯ್ತಿದೆ, ಸಡಿಲ ಬಿಡಿ" ಅನ್ನಿ. ನಮಸ್ಕಾರ.