ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಕೇಳುಗರೆಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ. ಕೆಲವರು ದೋಸೆ ಹಾಕುತ್ತಾ ಇದ್ದೀರಿ, ಕೆಲವರು ಮಕ್ಕಳನ್ನು ಕನ್ನಡ ತರಗತಿಗೆ ಬಿಡಲು ಕಾರಿನಲ್ಲಿ ಇದ್ದೀರಿ. ಮಧ್ಯಾಹ್ನ 1 ಗಂಟೆಗೆ ಅಮೆರಿಕನ್ ಫುಟ್‌ಬಾಲ್ ಆಟ ಶುರುವಾಗುತ್ತದೆ, ಅಷ್ಟರೊಳಗೆ ಒಂದು ವಿಷಯ ನಿಮ್ಮ ಕಿವಿಗೆ ಹಾಕಬೇಕು ಅಂತ ಬಂದಿದ್ದೇನೆ. ಒಂದೇ ವಿಷಯ. ತಂಡ ಸೋತಾಗ, ತೆಗೆಯೋಕೆ ಯಾರು ಸುಲಭವೋ ಅವರ ಕೆಲಸ ಮೊದಲು ಹೋಗುತ್ತದೆ.

ನಾನು ಬಫಲೋದಲ್ಲಿ 20 ವರ್ಷದಿಂದ ಇದ್ದೇನೆ. ಶುಕ್ರವಾರ ರಾತ್ರಿ ನಮ್ಮ ಊರಿನ ಹೈಸ್ಕೂಲ್ ಫುಟ್‌ಬಾಲ್ ತಂಡಕ್ಕೆ ಮೇಲಿನ ಬೂತ್‌ನಲ್ಲಿ ಕೂತು, ಪ್ರತಿಯೊಂದು ಪ್ಲೇಯನ್ನೂ ಹಾಳೆಯ ಮೇಲೆ ಬರೆದಿಡುವುದು ನನ್ನ ಕೆಲಸ. ಸಂಬಳ ಇಲ್ಲ, ಇಷ್ಟದಿಂದ ಮಾಡುವ ಕೆಲಸ. ಈ ಬಾನುಲಿಯ ಗೆಳೆಯರು ಅದನ್ನು ಕೇಳಿ ಹದಿನೈದು ನಿಮಿಷ ಕೊಟ್ಟಿದ್ದಾರೆ. ಅಮೆರಿಕದ ಫುಟ್‌ಬಾಲ್ ಅರ್ಥವೇ ಆಗಲ್ಲ ಅನ್ನುವವರು ದಯವಿಟ್ಟು ಬೇರೆ ಸ್ಟೇಷನ್‌ಗೆ ಹೋಗಬೇಡಿ, ಎರಡು ನಿಮಿಷದಲ್ಲಿ ಹೇಳಿಬಿಡುತ್ತೇನೆ.

ಚೆಂಡು ಇರುವ ತಂಡಕ್ಕೆ 10 ಗಜ ಮುಂದೆ ಹೋಗಲು 4 ಅವಕಾಶ. ಒಂದೊಂದು ಅವಕಾಶಕ್ಕೆ ಒಂದು ಪ್ಲೇ, ಅಂದರೆ ಮೊದಲೇ ಕಲಿತಿಟ್ಟುಕೊಂಡ ಒಂದು ಉಪಾಯ. ಯಾರು ಎಲ್ಲಿ ಓಡಬೇಕು, ಯಾರು ಅಡ್ಡ ನಿಲ್ಲಬೇಕು, ಚೆಂಡು ಯಾರ ಕೈಗೆ ಹೋಗಬೇಕು, ಎಲ್ಲಾ ಅದರಲ್ಲಿ ಇರುತ್ತದೆ. ಈಗ ಯಾವ ಪ್ಲೇ ಆಡಬೇಕು ಅಂತ ಹೇಳುವವರೇ ಅಫೆನ್ಸಿವ್ ಕೋಆರ್ಡಿನೇಟರ್. ನಾವು ಓಸಿ ಅನ್ನುತ್ತೇವೆ. ಹೆಡ್ ಕೋಚ್ ಬೇರೆ, ಅವರು ಇಡೀ ತಂಡಕ್ಕೆ ಯಜಮಾನರು. ಓಸಿ ಅವರ ಕೈಕೆಳಗಿನವರು. ಕೈಯಲ್ಲಿ ಹೋಟೆಲ್ ಮೆನುವಿನಷ್ಟು ದೊಡ್ಡ, ಪ್ಲಾಸ್ಟಿಕ್ ಹೊದಿಸಿದ ಹಾಳೆ ಹಿಡಿದು, ಅದರಲ್ಲೇ ಬಾಯಿ ಮುಚ್ಚಿಕೊಂಡು ಮಾತಾಡುವ ಮನುಷ್ಯನನ್ನು ಟಿವಿಯಲ್ಲಿ ನೋಡಿರುತ್ತೀರಿ, ಅಲ್ವಾ? ಎದುರಾಳಿಗಳು ತುಟಿ ನೋಡಿ ಮಾತು ಕದಿಯಬಾರದು ಅಂತ ಹಾಗೆ ಮುಚ್ಚಿಕೊಳ್ಳುತ್ತಾರೆ.

ಅವರ ಮಾತು ನೇರವಾಗಿ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವ ಆಟಗಾರನ ಹೆಲ್ಮೆಟ್ ಒಳಗೆ ಕೇಳಿಸುತ್ತದೆ, ಈಗ ನನ್ನ ಮಾತು ನಿಮಗೆ ಕೇಳಿಸುತ್ತಿರುವ ಹಾಗೆ. ಎನ್‌ಎಫ್‌ಎಲ್, ಅಂದರೆ ಇಲ್ಲಿನ ವೃತ್ತಿಪರ ಫುಟ್‌ಬಾಲ್ ಲೀಗ್‌ನಲ್ಲಿ ಇದು 1994ರಿಂದ ಇದೆ. ಎರಡು ಪ್ಲೇಗಳ ನಡುವೆ ಗಡಿಯಾರದಲ್ಲಿ 40 ಸೆಕೆಂಡ್. ಅದು 15ಕ್ಕೆ ಬಂದಾಗ ಆ ರೇಡಿಯೋ ತಾನಾಗೇ ಕಟ್ ಆಗುತ್ತದೆ. ಅಂದರೆ 25 ಸೆಕೆಂಡಿನಲ್ಲಿ ಮೈದಾನ ನೋಡಬೇಕು, ಹಾಳೆ ನೋಡಬೇಕು, ತೀರ್ಮಾನ ಮಾಡಬೇಕು, ಹೇಳಿಯೂ ಮುಗಿಸಬೇಕು. ಒಂದು ಆಟದಲ್ಲಿ ಸುಮಾರು ಅರವತ್ತು ಸಲ. ಆಮೇಲೆ ಆ ಮನುಷ್ಯನ ಕೈಯಲ್ಲಿ ಏನೂ ಇಲ್ಲ. ಚೆಂಡು ಹಿಡಿಯುವುದು, ಬಿಡುವುದು, ಬೀಳುವುದು ಎಲ್ಲಾ ಬೇರೆಯವರದ್ದು.

ಈಗ ನನ್ನ ಕತೆಗೆ ಬರುತ್ತೇನೆ.

2023ರ ನವೆಂಬರ್ 13, ಸೋಮವಾರ ರಾತ್ರಿ. ಆರ್ಚರ್ಡ್ ಪಾರ್ಕ್‌ನ ಸ್ಟೇಡಿಯಂ. ನಮ್ಮ ಬಫಲೋ ಬಿಲ್ಸ್, ಎದುರಿಗೆ ಡೆನ್ವರ್ ಬ್ರಾಂಕೋಸ್. ನಾನು ಅಲ್ಲೇ ಇದ್ದೆ, ಜೊತೆಗೆ ನಮ್ಮ ಪಕ್ಕದ ಮನೆಯವರು. ನಮ್ಮ ಓಸಿ ಕೆನ್ ಡಾರ್ಸಿ. ನಮ್ಮ ತಂಡದ ಮೊದಲನೇ ಪ್ಲೇ. ಜೇಮ್ಸ್ ಕುಕ್ ಕೈಗೆ ಚೆಂಡು ಕೊಟ್ಟರು, ಓಡಿದ, ಚೆಂಡು ಜಾರಿ ಹೋಯಿತು, ಡೆನ್ವರ್ ಎತ್ತಿಕೊಂಡಿತು. ಮೊದಲನೇ ಪ್ಲೇ ಕಣ್ರೀ! ಆಮೇಲೆ ಕ್ವಾರ್ಟರ್‌ಬ್ಯಾಕ್ ಜಾಶ್ ಆಲನ್ ಎಸೆದ ಒಂದು ಚೆಂಡು ನಮ್ಮವನ ಕೈಗೇ ಬಂದು, ಪುಟಿದು, ಅವರ ಪಾಲಾಯಿತು. ಮತ್ತೊಂದನ್ನು ಅವರು ನೇರವಾಗಿಯೇ ಹಿಡಿದರು. ಇನ್ನೊಂದು ಸಲ ಕೈಯಿಂದ ಕೈಗೆ ಕೊಡುವಾಗಲೇ ಚೆಂಡು ಬಿತ್ತು. ಒಟ್ಟು ನಾಲ್ಕು ಸಲ ಚೆಂಡನ್ನು ಅವರಿಗೆ ಒಪ್ಪಿಸಿಬಿಟ್ಟೆವು. ಓಸಿ ಹಾಳೆಯಲ್ಲಿ "ಇಲ್ಲಿ ಚೆಂಡು ಬೀಳಿಸು" ಅಂತ ಬರೆದಿರುತ್ತದಾ?

ಇಷ್ಟಾದರೂ ಕೊನೆಗೆ ಎರಡು ನಿಮಿಷವೂ ಉಳಿದಿರಲಿಲ್ಲ, ಆಗ ಆಲನ್ ತಾನೇ ನುಗ್ಗಿ ಚೆಂಡನ್ನು ಕೊನೆಯ ಗೆರೆ ದಾಟಿಸಿದ, ಟಚ್‌ಡೌನ್. 22-21, ನಾವು ಮುಂದೆ. ಈ ಸಾಲು ನೆನಪಿಟ್ಟುಕೊಳ್ಳಿ. ಡಾರ್ಸಿಯ ಆಟಗಾರರು ಕೊನೆಯ ಸಲ ಮೈದಾನದಿಂದ ಹೊರಗೆ ಬಂದಾಗ ತಂಡ ಗೆಲ್ಲುತ್ತಿತ್ತು.

ಇನ್ನು ತಡೆಯುವ ಕೆಲಸ ನಮ್ಮ ಡಿಫೆನ್ಸ್‌ನದ್ದು. ಡೆನ್ವರ್ ಮುಂದೆ ಬಂತು, ನಮ್ಮವರೊಬ್ಬರ ತಪ್ಪಿಗೆ ಪೆನಾಲ್ಟಿ ಬಿತ್ತು, ಅವರಿಗೆ ಒಂದೇ ಸಲಕ್ಕೆ 28 ಗಜ ಸಿಕ್ಕಿತು. ಕೊನೆಯ ಕ್ಷಣ. ಅವರ ಕಿಕ್ಕರ್ ವಿಲ್ ಲಟ್ಜ್, 41 ಗಜದಿಂದ ಎರಡು ಕಂಬಗಳ ನಡುವೆ ಕಳಿಸಲು ಚೆಂಡು ಒದ್ದ. ಚೆಂಡು ಬಲಕ್ಕೆ ಹೋಯಿತು. ತಪ್ಪಿತು! ನಾನು ಪಕ್ಕದ ಮನೆಯವರನ್ನು ತಬ್ಬಿಕೊಂಡೆ, ಹಿಂದಿನ ಸಾಲಿನ ಗುರುತಿಲ್ಲದ ಅಜ್ಜ ನನ್ನನ್ನು ತಬ್ಬಿಕೊಂಡರು, ಇಡೀ ಸ್ಟೇಡಿಯಂ ಎದ್ದು ಕುಣಿಯಿತು. ಆಮೇಲೆ ಯಾರೋ ಕೆಳಗೆ ಕೈ ತೋರಿಸಿದರು. ಹುಲ್ಲಿನ ಮೇಲೆ ಹಳದಿ ಬಟ್ಟೆ ಬಿದ್ದಿತ್ತು, ಅಂಪೈರ್ ಎಸೆದ ಪೆನಾಲ್ಟಿ ಬಟ್ಟೆ. ನಮ್ಮ ಕಡೆ 11 ಜನ ಇರಬೇಕಾದ ಜಾಗದಲ್ಲಿ 12 ಜನ ನಿಂತಿದ್ದರು. ಲಟ್ಜ್‌ಗೆ ಇನ್ನೊಂದು ಅವಕಾಶ ಸಿಕ್ಕಿತು, ಈ ಸಲ 36 ಗಜ. ಹೊಡೆದ. 24-22. ಕುಣಿಯುತ್ತಿದ್ದ ಜನ ನಿಂತ ಹಾಗೇ ನಿಂತುಬಿಟ್ಟರು.

ಕಿಕ್ ತಡೆಯಲು ಹನ್ನೊಂದು ಜನರನ್ನು ಎಣಿಸಿ ಕಳಿಸುವುದು ಓಸಿ ಕೆಲಸ ಅಲ್ಲ. ಅದಕ್ಕೆ ಸ್ಪೆಷಲ್ ಟೀಮ್ಸ್ ಅಂತ ಬೇರೆ ವಿಭಾಗ ಇದೆ, ಅದಕ್ಕೂ ಒಬ್ಬ ಕೋಆರ್ಡಿನೇಟರ್ ಇದ್ದಾರೆ.

ಮಂಗಳವಾರ ಹೆಡ್ ಕೋಚ್ ಶಾನ್ ಮ್ಯಾಕ್‌ಡರ್ಮಟ್ ಕೆಲಸದಿಂದ ತೆಗೆದದ್ದು ಯಾರನ್ನು? ಕೆನ್ ಡಾರ್ಸಿಯನ್ನು.

ಹನ್ನೆರಡನೆಯವನನ್ನು ಒಳಗೆ ಬಿಟ್ಟ ವಿಭಾಗ ಹಾಗೇ ಉಳಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ನಮ್ಮ ಅಜ್ಜಿ ಹೇಳುತ್ತಿದ್ದರು. ಆಗ ತಂಡ 5 ಗೆದ್ದು 5 ಸೋತಿತ್ತು, ಗಜ ಲೆಕ್ಕದಲ್ಲಿ ಡಾರ್ಸಿಯ ಅಫೆನ್ಸ್ 32 ತಂಡಗಳಲ್ಲಿ ಮೊದಲ ಹತ್ತರೊಳಗೆ ಇತ್ತು. ಆದರೂ ಯಾಕೆ? ಜಾಶ್ ಆಲನ್ ಜೊತೆ 2021ರಲ್ಲಿ 6 ವರ್ಷಕ್ಕೆ 258 ಮಿಲಿಯನ್ ಡಾಲರ್ ಒಪ್ಪಂದ ಆಗಿತ್ತು. ಅವನನ್ನು ತೆಗೆಯೋಕೆ ಆಗುತ್ತಾ? ಹೆಡ್ ಕೋಚ್ ತನ್ನನ್ನು ತಾನೇ ತೆಗೆದುಕೊಳ್ಳುತ್ತಾರಾ? ಆಟಗಾರರಿಗೆ ಯೂನಿಯನ್ ಇದೆ, ಅವರ ಪರವಾಗಿ ಚೌಕಾಸಿ ಮಾಡುತ್ತದೆ. ಕೋಚ್‌ಗಳಿಗೆ ಆ ತರಹದ ಯೂನಿಯನ್ ಇಲ್ಲ. ಹಾಗಾಗಿ ಉಳಿದವರು ಯಾರು ಅಂತ ನೀವೇ ಲೆಕ್ಕ ಹಾಕಿ. ತೆಗೆಯೋಕೆ ಯಾರು ಸುಲಭವೋ ಅವರ ಕೆಲಸ ಮೊದಲು ಹೋಗುತ್ತದೆ.

ಕತೆ ಇನ್ನೂ ಇದೆ, ನನಗೆ ಜಾಸ್ತಿ ಇಷ್ಟವಾದ ಭಾಗವೇ ಇದು. ಡಾರ್ಸಿ ಜಾಗಕ್ಕೆ ಬಂದವರು ಜೋ ಬ್ರೇಡಿ. ಈ ಬ್ರೇಡಿ ಯಾರು ಗೊತ್ತಾ? 2019ರಲ್ಲಿ ಲೂಸಿಯಾನಾದ ಎಲ್‌ಎಸ್‌ಯು ಕಾಲೇಜು ತಂಡ ದೇಶಕ್ಕೇ ಮೊದಲು ಬಂದಾಗ ಅದರ ಪಾಸಿಂಗ್ ಆಟ, ಅಂದರೆ ಚೆಂಡು ಎಸೆದು ಆಡುವ ಆಟ ಕಟ್ಟಿದವರಲ್ಲಿ ಒಬ್ಬರು. 30 ವರ್ಷಕ್ಕೇ ಕ್ಯಾರೊಲೈನಾ ಪ್ಯಾಂಥರ್ಸ್ ತಂಡಕ್ಕೆ ಓಸಿ ಆದರು. ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಎರಡನೇ ವರ್ಷ, 2021ರ ಡಿಸೆಂಬರ್ 5, ತಂಡ 5 ಗೆದ್ದು 7 ಸೋತಿದ್ದಾಗ, ಋತುವಿನ ಮಧ್ಯದಲ್ಲೇ ಅವರನ್ನು ತೆಗೆದರು. ಆಮೇಲೆ ಪ್ಯಾಂಥರ್ಸ್ ಉದ್ಧಾರ ಆಯಿತಾ? ಉಳಿದಿದ್ದ ಐದು ಆಟ, ಐದನ್ನೂ ಸೋತರು. ಮುಂದಿನ ಅಕ್ಟೋಬರ್‌ನಲ್ಲಿ, ಅವರನ್ನು ತೆಗೆದಿದ್ದ ಹೆಡ್ ಕೋಚ್ ಮ್ಯಾಟ್ ರೂಲ್ ಕೆಲಸವೇ ಹೋಯಿತು.

ಅದೇ ಬ್ರೇಡಿ ಬಫಲೋಗೆ ಬಂದು ಡಾರ್ಸಿಯ ಕೈಕೆಳಗೆ ಕ್ವಾರ್ಟರ್‌ಬ್ಯಾಕ್ ಕೋಚ್ ಆಗಿದ್ದರು. ಡಾರ್ಸಿ ಹೋದ ಮೇಲೆ ಮೊದಲನೇ ಆಟದಲ್ಲಿ ಜೆಟ್ಸ್ ವಿರುದ್ಧ 32-6. ಆ ವರ್ಷ ಉಳಿದ 7ರಲ್ಲಿ 6 ಗೆದ್ದರು. ಮರುವರ್ಷ ಆಲನ್ ಇಡೀ ಲೀಗ್‌ನ ಎಂವಿಪಿ, ಅಂದರೆ ವರ್ಷದ ಅತ್ಯಮೂಲ್ಯ ಆಟಗಾರ ಆದ. ಎರಡು ವರ್ಷದ ಹಿಂದೆ ಪ್ರಯೋಜನ ಇಲ್ಲ ಅಂತ ಕಳಿಸಿದ್ದ ಮನುಷ್ಯ ಇವರೇ! ತಲೆ ಅದೇ, ಹಾಳೆ ಅದೇ. ಅವರ ರೇಡಿಯೋದ ಆ ಕಡೆ ಇದ್ದ ಆಟಗಾರ ಬೇರೆ, ಅಷ್ಟೇ. ಡಾರ್ಸಿ? ಅವರು 2024ಕ್ಕೆ ಕ್ಲೀವ್‌ಲ್ಯಾಂಡ್‌ಗೆ ಹೋದರು. ಅಲ್ಲಿ ತಂಡ 3 ಗೆದ್ದು 14 ಸೋತಿತು, ಒಂದೇ ವರ್ಷಕ್ಕೆ ಮತ್ತೆ ಕೆಲಸ ಹೋಯಿತು. ಅಲ್ಲೂ ಹೆಡ್ ಕೋಚ್ ಉಳಿದರು.

ಸ್ಟುಡಿಯೋದವರು ಗಡಿಯಾರ ತೋರಿಸುತ್ತಿದ್ದಾರೆ. ಬಫಲೋ ಕತೆಗೇ ಸಮಯ ಹೋಯಿತು, ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಶಿಕಾಗೋ. 2024ರ ಜನವರಿಯಲ್ಲಿ ಓಸಿ ಲೂಕ್ ಗೆಟ್ಸಿಯನ್ನು ತೆಗೆದು ಶೇನ್ ವಾಲ್ಡ್ರನ್‌ರನ್ನು ತಂದರು. ಗೆಟ್ಸಿ ಲಾಸ್ ವೇಗಸ್‌ಗೆ ಓಸಿ ಆಗಿ ಹೋದರು. ಆ ವರ್ಷದ ನವೆಂಬರ್ 3ಕ್ಕೆ ವೇಗಸ್‌ನಲ್ಲಿ ಗೆಟ್ಸಿ ಕೆಲಸ ಹೋಯಿತು, ನವೆಂಬರ್ 12ಕ್ಕೆ ಶಿಕಾಗೋದಲ್ಲಿ ವಾಲ್ಡ್ರನ್ ಕೆಲಸ ಹೋಯಿತು. ಹೋದವರು, ಬಂದವರು, ಒಂಬತ್ತು ದಿನದ ಅಂತರದಲ್ಲಿ ಇಬ್ಬರೂ ಮನೆಗೆ.

ಪಿಟ್ಸ್‌ಬರ್ಗ್. ಡಾರ್ಸಿ ಹೋದ ಮುಂದಿನ ವಾರವೇ ಅಲ್ಲಿನ ಓಸಿ ಮ್ಯಾಟ್ ಕೆನಡಾರನ್ನು ತೆಗೆದರು. ಜನ ಸ್ಟೇಡಿಯಂನಲ್ಲಿ ಅವರ ಹೆಸರು ಹಿಡಿದು ತೆಗೆಯಿರಿ ತೆಗೆಯಿರಿ ಅಂತ ಕೂಗುತ್ತಿದ್ದರು. ತಂಡ ಆಗ 6 ಗೆದ್ದು 4 ಸೋತಿತ್ತು, ಗೆಲ್ಲುತ್ತಿದ್ದ ತಂಡ ಕಣ್ರೀ ಅದು.

ಫಿಲಡೆಲ್ಫಿಯಾದಲ್ಲಿ ಚೆನ್ನಾಗಿ ಮಾಡಿದ ಓಸಿ ಕೂಡ ನಿಲ್ಲುವುದಿಲ್ಲ. ಶೇನ್ ಸ್ಟೈಕನ್ 2023ರಲ್ಲಿ, ಕೆಲೆನ್ ಮೂರ್ 2025ರಲ್ಲಿ, ಇಬ್ಬರೂ ಬೇರೆ ತಂಡಕ್ಕೆ ಹೆಡ್ ಕೋಚ್ ಆಗಿ ಹೋದರು. ಮೂರ್ ಅಂತೂ ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್ ಗೆದ್ದ ಕೂಡಲೇ ಹೋದರು. ಆಮೇಲೆ ಆ ಕುರ್ಚಿಗೆ ಬಂದವರ ಮನೆಗೆ ಅದೇ ವರ್ಷ ನವೆಂಬರ್‌ನಲ್ಲಿ, ಒಂದು ಆಟ ಸೋತ ರಾತ್ರಿಯೇ, ಯಾರೋ ಮೊಟ್ಟೆ ಎಸೆದರು. ಆಗ ತಂಡ 8 ಗೆದ್ದು 4 ಸೋತಿತ್ತು. ಮನೆಗೆ ಮೊಟ್ಟೆ! ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

ಬಾಲ್ಟಿಮೋರ್ ಬಗ್ಗೆ ಕೇಳುತ್ತೀರಿ, ಗೊತ್ತು. ಹೌದು, 2012ರ ಡಿಸೆಂಬರ್‌ನಲ್ಲಿ 9 ಗೆದ್ದು 4 ಸೋತಿದ್ದಾಗ ಓಸಿ ಕ್ಯಾಮ್ ಕ್ಯಾಮರನ್‌ರನ್ನು ತೆಗೆದರು, ಎನ್‌ಎಫ್‌ಎಲ್‌ನಲ್ಲಿ ಅದುವರೆಗೆ ಪ್ಲೇ ಹೇಳಿಯೇ ಇರದ ಜಿಮ್ ಕಾಲ್ಡ್‌ವೆಲ್ ಕೈಗೆ ಹಾಳೆ ಕೊಟ್ಟರು, ಎರಡು ತಿಂಗಳೊಳಗೆ ಸೂಪರ್ ಬೌಲ್ ಗೆದ್ದರು, 34-31. ಆ ಒಂದು ಕತೆಯನ್ನು ಹೇಳಿ ಹೇಳಿ ಈಗಲೂ ಬೇರೆಯವರ ಕೆಲಸ ತೆಗೆಯುತ್ತಾರೆ. ಐದಕ್ಕೆ ಐದೂ ಸೋತ ಪ್ಯಾಂಥರ್ಸ್ ಕತೆ ಯಾರ ಬಾಯಲ್ಲೂ ಬರುವುದಿಲ್ಲ.

ನಮ್ಮ ಕ್ರಿಕೆಟ್ ನೋಡಿ ಬೆಳೆದವರಿಗೆ ಇದು ಹೊಸದಲ್ಲ. 2019ರ ವಿಶ್ವಕಪ್ ಸೆಮಿಫೈನಲ್, ಮ್ಯಾಂಚೆಸ್ಟರ್. 5 ರನ್ನಿಗೆ 3 ವಿಕೆಟ್. ರೋಹಿತ್ 1, ನಮ್ಮ ರಾಹುಲ್ 1, ಕೊಹ್ಲಿ 1. ಆಮೇಲೆ ಹೆಡ್ ಕೋಚ್ ರವಿ ಶಾಸ್ತ್ರಿ ಉಳಿದರು, ಬೌಲಿಂಗ್ ಕೋಚ್ ಉಳಿದರು, ಫೀಲ್ಡಿಂಗ್ ಕೋಚ್ ಉಳಿದರು. ಹೋದವರು ಬ್ಯಾಟಿಂಗ್ ಕೋಚ್ ಸಂಜಯ್ ಬಾಂಗರ್ ಒಬ್ಬರೇ. ತೆಗೆಯೋಕೆ ಯಾರು ಸುಲಭವೋ ಅವರು. ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ಒಂದು ನಿಮಿಷ ಇದೆಯಂತೆ, ಸಾಕು. ನಮ್ಮ ಹೈಸ್ಕೂಲ್ ತಂಡಕ್ಕೆ ಪ್ಲೇ ಹೇಳುವವರು ಇತಿಹಾಸ ಕಲಿಸುವ ಮೇಷ್ಟ್ರು. ಹೋದ ಶರತ್ಕಾಲದಲ್ಲಿ ಒಂದು ಆಟ ಸೋತ ಮೇಲೆ, ಅವರನ್ನು ಬದಲಿಸಿ ಅಂತ ಕೆಲವು ಅಪ್ಪ ಅಮ್ಮಂದಿರು ಕಾಗದ ಬರೆದರು. ಆ ಕಾಗದಕ್ಕೆ ಸಹಿ ಹಾಕಿದವರಲ್ಲಿ ನಮ್ಮ ಕನ್ನಡದವರೂ ಇದ್ದರು, ಈಗ ಕೇಳುತ್ತಲೂ ಇರಬಹುದು. ನನಗೆ ಬೇಜಾರಾಯಿತು. ಆ ರಾತ್ರಿಯ ನನ್ನ ಹಾಳೆಯನ್ನು ಸಭೆಗೆ ತೆಗೆದುಕೊಂಡು ಹೋದೆ. 54 ಪ್ಲೇ. ಒಂದೊಂದಾಗಿ ಓದಿದೆ. ನಮ್ಮ ಹುಡುಗರು ಖಾಲಿ ಜಾಗದಲ್ಲಿ ಒಂಟಿಯಾಗಿ ನಿಂತಿದ್ದಾಗ, ಚೆಂಡು ಕೈಗೇ ಬಂದು, ಕೈಜಾರಿ ನೆಲಕ್ಕೆ ಬಿದ್ದದ್ದು ಏಳು ಸಲ. ಆ ಜಾಗ ಖಾಲಿ ಮಾಡಿಸಿದ್ದು ಮೇಷ್ಟ್ರು. ಹದಿನಾರು ವರ್ಷದ ಮಕ್ಕಳು, ಚಳಿಯಲ್ಲಿ ಕೈ ಮರಗಟ್ಟಿರುತ್ತದೆ, ಚೆಂಡು ಬೀಳುತ್ತದೆ. ಮಕ್ಕಳನ್ನೂ ಬೈಯಬೇಡಿ, ಮೇಷ್ಟ್ರನ್ನೂ ಕಳಿಸಬೇಡಿ ಅಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ತಾಯಿ ಎದ್ದು ಬಂದು ಆ ಹಾಳೆ ಇಸಕೊಂಡು, ತಮ್ಮ ಮಗನ ನಂಬರ್ ಎಲ್ಲಿದೆ ತೋರಿಸಿ ಅಂದರು.

ಮೇಷ್ಟ್ರು ಈ ವರ್ಷವೂ ನಮ್ಮ ಬೂತ್‌ನಲ್ಲೇ ಇದ್ದಾರೆ, ನನ್ನ ಎಡಗಡೆಯ ಕುರ್ಚಿ. ಶುಕ್ರವಾರ ಸಂಜೆ 7ಕ್ಕೆ ಆಟ, ಹತ್ತಿರ ಇರುವವರು ಬನ್ನಿ. ನಮಸ್ಕಾರ.